ಸೀಸೆಗೆ ಇಳಿದ ಚೈತ್ರ

ಜಪಾನಿನ ಬಹುಭಾಗದಲ್ಲಿ ಚೆರ್ರಿ ಮರ ಹೂ ಬಿಡುವುದು ಮಾರ್ಚ್ ಕೊನೆಗೆ, ಏಪ್ರಿಲ್ ಮೊದಲಿಗೆ. ಆ ಹೂವಿನ ಹೆಸರು ಹೊತ್ತ ಲಿಪ್‌ಸ್ಟಿಕ್, ಕೆನ್ನೆಯ ರಂಗು, ಪೌಡರು, ಸೆಂಟುಗಳು ಮಾತ್ರ ಮರ ಇನ್ನೂ ಬೋಳಾಗಿರುವಾಗಲೇ ಅಂಗಡಿಗೆ ಬಂದಿರುತ್ತವೆ. ಡಬ್ಬಿಯ ಮೇಲೆ 'ಈ ಋತುವಿಗೆ ಮಾತ್ರ' ಎಂಬ ಮಾತು ತಪ್ಪುವುದಿಲ್ಲ. ಕಾನೆಬೊ ಕಂಪನಿಯ ಮಿಲಾನೊ ಕಲೆಕ್ಷನ್ ಎಂಬ ಮುಖದ ಪೌಡರು 1991ರಿಂದ ವರ್ಷಕ್ಕೊಂದು ವಿನ್ಯಾಸದಲ್ಲಿ ಬರುತ್ತಿದೆ. ಮುಂಗಡ ಹೇಳಿಟ್ಟವರಿಗಷ್ಟೇ ಅದು ಸಿಗುವ ಖಾತ್ರಿ. ಆನ್‌ಲೈನ್ ವ್ಯಾಪಾರದ ದೆಸೆಯಿಂದ ಇಂಥ ಸರಕು ಇಂದು ನೀಲಗಿರಿಯ ಗೂಡಲೂರು, ಉದಕಮಂಡಲಗಳ ಮನೆಬಾಗಿಲಿಗೂ ಬರಬಲ್ಲದು. ಇದರಲ್ಲಿ ಧರ್ಮಜಿಜ್ಞಾಸೆಗೆ ಏನಿದೆ ಎಂದು ಕೇಳಬಹುದು. ಇದೆ. ಹೂವು ನಿಲ್ಲುವುದಿಲ್ಲ, ಯೌವನ ನಿಲ್ಲುವುದಿಲ್ಲ, ಕೈಗೆ ಬಂದದ್ದು ಕೈಯಲ್ಲಿ ಉಳಿಯುವುದಿಲ್ಲ ಎಂದು ಬುದ್ಧ ಹೇಳಿದ, ಜಿನರು ಹೇಳಿದರು, ನಮ್ಮ ಶರಣರೂ ದಾಸರೂ ಹೇಳಿದರು. ಸೆಂಟಿನ ಡಬ್ಬಿಯೂ ಅದನ್ನೇ ಹೇಳುತ್ತಿದೆ. ಅವರು ಅದರಿಂದ 'ಆದ್ದರಿಂದ ಹಿಡಿತ ಸಡಿಲಿಸು' ಎಂಬಲ್ಲಿಗೆ ಬಂದರು. ಡಬ್ಬಿ 'ಆದ್ದರಿಂದ ಬೇಗ ಕೊಳ್ಳು' ಎಂಬಲ್ಲಿಗೆ ಬರುತ್ತದೆ. ಒಂದೇ ಸತ್ಯದಿಂದ ಇಷ್ಟು ವಿರುದ್ಧವಾದ ಎರಡು ಉಪದೇಶ ಹೊರಟರೆ ಎರಡೂ ಸರಿಯಾಗಿರಲಾರವು. ತಪ್ಪು ಎಲ್ಲಿದೆ? ಅಲಂಕಾರದಲ್ಲೋ, ಋತುವಿನ ಮಾತಿನಲ್ಲೋ, ಅಥವಾ ಎರಡನ್ನೂ ಬೆಸೆದಿರುವ ಅವಸರದಲ್ಲೋ?

ಅಲಂಕಾರದಲ್ಲೇ ಎನ್ನುವುದು ಸುಲಭದ ಉತ್ತರ. ಬೌದ್ಧರ ಅಷ್ಟಶೀಲದಲ್ಲಿ ಮಾಲೆ, ಗಂಧ, ಲೇಪನಗಳನ್ನು ಬಿಡಬೇಕೆಂಬ ನಿಯಮವಿದೆ. ಜೈನ ಮುನಿಗೆ ಸ್ನಾನವೂ ಇಲ್ಲ, ಸಿಂಗಾರವೂ ಇಲ್ಲ. ಅಕ್ಕಮಹಾದೇವಿ ಉಡುಗೆತೊಡುಗೆಯನ್ನೇ ತೊರೆದು ಹೊರಟವಳು. ಆದರೆ ಇವೇ ಪರಂಪರೆಗಳ ಇನ್ನೊಂದು ಮಗ್ಗುಲು ನೋಡಿ. ಅಷ್ಟಶೀಲ ಹಿಡಿದ ದಿನ ತನ್ನ ಮೈಗೆ ಗಂಧ ಪೂಸಿಕೊಳ್ಳದ ಉಪಾಸಕ ಬುದ್ಧನ ಮುಂದೆ ಧೂಪ ಹಾಕುತ್ತಾನೆ. ಜಪಾನಿನ ಬೌದ್ಧರಲ್ಲಿ ಪ್ರಾರ್ಥನೆಗೆ ಮುಂಚೆ ಗಂಧದ ಸಣ್ಣಪುಡಿಯನ್ನು ಅಂಗೈಗೆ ತೀಡಿಕೊಂಡು ಶುದ್ಧವಾಗುವ ಪದ್ಧತಿಯಿದೆ; ಅಲ್ಲಿ ಶ್ರೇಷ್ಠವೆನಿಸಿಕೊಂಡ ಶ್ರೀಗಂಧ ನಮ್ಮ ಮೈಸೂರು ಸೀಮೆಯದ್ದು. ನಮ್ಮ ಪಂಚೋಪಚಾರ ಪೂಜೆ ಶುರುವಾಗುವುದೇ ಗಂಧದಿಂದ. ಪೃಥ್ವಿಯಲ್ಲಿರುವ ಪುಣ್ಯಗಂಧ ತಾನೇ ಎಂದು ಗೀತೆಯ ಏಳನೆಯ ಅಧ್ಯಾಯದಲ್ಲಿ ಕೃಷ್ಣ ಹೇಳಿಕೊಳ್ಳುತ್ತಾನೆ. ಶುಕ್ರವಾರದ ನಮಾಜಿಗೆ ಮಿಂದು ಅತ್ತರು ಹಚ್ಚಿ ಹೋಗುವುದು ಮುಸಲ್ಮಾನರಲ್ಲಿ ಮೆಚ್ಚುಗೆಯ ನಡತೆ. ಹೀಗಿರುವಾಗ ಧರ್ಮಕ್ಕೆ ಪರಿಮಳ ಕಂಡರಾಗದು ಎನ್ನುವುದು ಅರ್ಧ ಓದಿದವರ ಮಾತು. ಈ ಪರಂಪರೆಗಳು ವಿಚಾರಿಸಿದ್ದು ಪರಿಮಳ ಯಾರಿಗಾಗಿ, ಅದು ಕೊನೆಗೆ ಏನಾಗುತ್ತದೆ ಎಂಬುದನ್ನು. ಧೂಪ ಉರಿದು ತೀರುತ್ತದೆ, ತೇಯ್ದ ಗಂಧ ಒಣಗಿ ಉದುರುತ್ತದೆ, ನಿರ್ಮಾಲ್ಯವನ್ನು ಮರುದಿನ ತೆಗೆಯಲೇಬೇಕು. ಮುಗಿಯುವುದು ಅಲ್ಲಿ ವಿಧಿಯ ಒಂದು ಭಾಗ.

ಋತುವಿಗೆ ತಕ್ಕ ಸಿಂಗಾರ ಎಂಬ ಕಲ್ಪನೆಯೂ ಜಪಾನಿನಿಂದ ಹಡಗು ಹತ್ತಿ ಬಂದದ್ದೇನಲ್ಲ. ವಾಗ್ಭಟನ ಅಷ್ಟಾಂಗಹೃದಯದ ಋತುಚರ್ಯೆ ಹೇಮಂತಕ್ಕೆ ಕುಂಕುಮಕೇಸರಿಯ ಲೇಪ, ಅಗರು ಧೂಪಗಳನ್ನು ಹೇಳುತ್ತದೆ, ಬೇಸಗೆಗೆ ಚಂದನವನ್ನು, ಮಳೆಗಾಲಕ್ಕೆ ಧೂಪ ಹಿಡಿಸಿದ ಬಟ್ಟೆಯನ್ನು. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಲೇಪನವನ್ನು ರಾಜಭೋಗಗಳ ಸಾಲಿನಲ್ಲಿಟ್ಟು ವಿವರಿಸುತ್ತಾನೆ. ಅವನಿಗಿಂತ ಒಂದು ಶತಮಾನ ಹಿಂದೆಯೇ ಚಾವುಂಡರಾಯ ಕನ್ನಡದಲ್ಲಿ ಬರೆದ ಲೋಕೋಪಕಾರದಲ್ಲಿ ಅಡುಗೆ, ಬಾವಿ, ವೃಕ್ಷವೈದ್ಯಗಳ ಜೊತೆಗೆ ಸುಗಂಧ ತಯಾರಿಕೆಗೂ ಜಾಗ ಸಿಕ್ಕಿದೆ. ಗೃಹಸ್ಥನಿಗೆ ಬಾವಿ ತೋಡುವುದು ತಿಳಿದಿರಬೇಕಾದಂತೆ ಗಂಧ ಕೂಡಿಸುವುದೂ ತಿಳಿದಿರಲಿ ಎಂಬ ಆ ನಿರಾಳತೆ ಮೆಚ್ಚುವಂಥದ್ದು. ಇವರೆಲ್ಲರಲ್ಲೂ ಋತು ಮೊದಲು ಬರುತ್ತದೆ, ಲೇಪ ಆಮೇಲೆ. ಚಳಿಗೆ ಚರ್ಮ ಒಡೆಯಿತು, ಅದಕ್ಕೆ ಬೆಚ್ಚನೆಯದು. ಬಿಸಿಲಿಗೆ ಮೈ ಕಾದಿತು, ಅದಕ್ಕೆ ತಣ್ಣನೆಯದು. ಇಂದಿನ ಕಂಪನಿಗೆ ಋತುವೆಂದರೆ ಮಾರಾಟದ ತ್ರೈಮಾಸಿಕ. ಸರಕು ಮೊದಲು ಸಿದ್ಧವಾಗುತ್ತದೆ, ಋತುವನ್ನು ಆಮೇಲೆ ಅದರ ಮೇಲೆ ಅಂಟಿಸಲಾಗುತ್ತದೆ.

ಈ ಮಾತು ನಿಜವೋ ಎಂದು ಪರೀಕ್ಷಿಸಲು ನೀಲಗಿರಿ ಜಿಲ್ಲೆಯಂಥ ಜಾಗ ಇನ್ನೊಂದಿಲ್ಲ. ಪಡುವಣ ಇಳಿಜಾರಿನ ಗೂಡಲೂರಿಗೆ ಜೂನ್-ಜುಲೈಯಲ್ಲಿ ಮುಂಗಾರು ಸುರಿದು, ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ವಾಗ್ಭಟನ ಧೂಪದ ಬಟ್ಟೆ ಬೇಕಾದದ್ದು ಅಲ್ಲಿ. ಅದೇ ಹೊತ್ತಿಗೆ ಬೆಟ್ಟದ ಮರೆಗೆ ಬಿದ್ದ ಮಸಿನಗುಡಿಯಲ್ಲಿ ಮುಳ್ಳುಪೊದೆಯ ಕಾಡು ಮಳೆಯ ಆಸೆಯಲ್ಲೇ ನಿಂತಿರುತ್ತದೆ. ಅಲ್ಲಿಂದ ಕಲ್ಲಹಟ್ಟಿ ಘಾಟಿಯ 36 ತಿರುವು ಹತ್ತಿ ಉದಕಮಂಡಲಕ್ಕೆ ಬಂದರೆ ಮೈಗೆ ಕಂಬಳಿ ಬೇಕು. ಡಿಸೆಂಬರ್-ಜನವರಿಯಲ್ಲಂತೂ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿ, ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ. ಒಂದೇ ಜಿಲ್ಲೆಯ ಮೂರು ಊರುಗಳ ಚರ್ಮಕ್ಕೆ ಒಂದೇ ತಿಂಗಳಲ್ಲಿ ಬೇಕಾದದ್ದು ಮೂರು ಬಗೆ. ಇಲ್ಲಿ 'ಸೀಸನ್' ಎಂದರೆ ಏಪ್ರಿಲ್-ಮೇ ತಿಂಗಳ ಪ್ರವಾಸಿಗರ ದಟ್ಟಣೆ. 1848ರಲ್ಲಿ ಆರಂಭವಾದ ಸಸ್ಯೋದ್ಯಾನದ ಮೇ ತಿಂಗಳ ಪುಷ್ಪ ಪ್ರದರ್ಶನವೂ ಆ ಲೆಕ್ಕಕ್ಕೇ ಸೇರಿದ್ದು. ಟೋಕಿಯೊದಲ್ಲೋ ಮುಂಬೈಯಲ್ಲೋ ಗೊತ್ತುಮಾಡಿದ ವಸಂತದ ಬಣ್ಣ ಈ ಮೂರರಲ್ಲಿ ಯಾವ ಊರಿನ ವಸಂತ? ನೆಲ ಬಿಟ್ಟು ಋತುವಿಲ್ಲ. ವೈಶೇಷಿಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗಂಧವೇ ನೆಲದ ವಿಶೇಷಗುಣ ಎಂದರು. ನೀರಿನಲ್ಲೋ ಗಾಳಿಯಲ್ಲೋ ವಾಸನೆ ಬಂದರೆ ಅಲ್ಲಿ ಮಣ್ಣಿನ ಅಂಶ ಬೆರೆತಿದೆ ಎಂದೇ ಅವರ ತೀರ್ಮಾನ. ರಸಾಯನಶಾಸ್ತ್ರ ಇದನ್ನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಕನೌಜಿನ ಭಟ್ಟಿಗಳಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ತಾಮ್ರದ ಹಂಡೆಯಲ್ಲಿ ಬೇಯಿಸಿ, ಆವಿಯನ್ನು ಗಂಧದೆಣ್ಣೆಗೆ ಇಳಿಸಿ ಮೊದಲ ಮಳೆಯ ಅತ್ತರು ತೆಗೆಯುವವರು ಆ ಮಾತನ್ನು ಸುಳ್ಳೆನ್ನಲಾರರು. ಚೆರ್ರಿಯ ಕತೆ ಇದಕ್ಕೆ ತಿರುವುಮುರುವು. ಜಪಾನಿನ ಬೀದಿ, ನದಿದಂಡೆಗಳಲ್ಲೆಲ್ಲ ಕಾಣುವ ಸೊಮೆಯ್-ಯೊಶಿನೊ ತಳಿಯ ಹೂವಿಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. 'ಚೆರ್ರಿಯ ಪರಿಮಳ' ಎಂದು ಜನ ಬಲ್ಲದ್ದು ಉಪ್ಪಿನಲ್ಲಿ ಹಾಕಿಟ್ಟ ಎಲೆಯದು. ಅದರಲ್ಲಿ ಹುಟ್ಟುವ ಕೂಮರಿನ್ ಎಂಬ ಪದಾರ್ಥ ಆ ಎಲೆ ಸುತ್ತಿದ ಸಿಹಿತಿಂಡಿಗೆ ಆ ಘಮ ಕೊಡುತ್ತದೆ. ಹೂವಿನಲ್ಲಿ ಇಲ್ಲದ ಕಂಪನ್ನು ಹೂವಿನ ಹೆಸರಲ್ಲಿ ಸೀಸೆಗೆ ತುಂಬಿ, ಹೂವು ಉದುರುತ್ತದೆ ಬೇಗ ಕೊಳ್ಳಿ ಎಂದರೆ, ಉದುರುವುದಾದರೂ ಯಾವುದು?

ನೀಲಗಿರಿಗೆ ತನ್ನದೇ ಆದ, ಯಾರೂ ಬಿಡುಗಡೆ ಮಾಡಲಾಗದ ಹೂವೊಂದಿದೆ. ನೀಲಕುರಿಂಜಿ 12 ವರ್ಷಕ್ಕೊಮ್ಮೆ ಗುಂಪುಗುಂಪಾಗಿ ಹೂಬಿಟ್ಟು, ಬೀಜ ಉದುರಿಸಿ, ಗಿಡವೇ ಸಾಯುತ್ತದೆ. 1994, 2006, 2018 ಅದರ ದೊಡ್ಡ ಹೂಗಾಲಗಳು. ಅನಿತ್ಯದ ಪಾಠಕ್ಕೆ ಇದಕ್ಕಿಂತ ಖಚಿತವಾದ ಗುರು ಬೇಕಿಲ್ಲ. ಆದರೆ ಈ ಗುರು ಕಲಿಸುವುದು ಕಾಯುವುದನ್ನು. ಕುರಿಂಜಿ ಬೆಳೆಯುವ ಹುಲ್ಲುಗಾವಲಿಗೆ 1843ರ ಸುಮಾರಿಗೆ ಆಸ್ಟ್ರೇಲಿಯಾದ ನೀಲಗಿರಿ ಮರ ಬಂತು, ವ್ಯಾಟಲ್ ಬಂತು, ಚಹಾ ಬಂತು. ಹುಲ್ಲುಗಾವಲು ಹೋದದ್ದು ಸೆಂಟಿನ ದೆಸೆಯಿಂದ ಎಂದರೆ ಅನ್ಯಾಯವಾದೀತು. ಅದು ಹೋದದ್ದು ಸೌದೆಗೆ, ಚಹಾಕ್ಕೆ, ಆಮೇಲೆ ರೇಯಾನ್ ತಿರುಳಿಗೆ. ಎಲೆ ಬೇಯಿಸಿ ತೆಗೆಯುವ ನೀಲಗಿರಿ ಎಣ್ಣೆಯೂ ಸಿಂಗಾರಕ್ಕಿಂತ ನೆಗಡಿಗೇ ಹೆಚ್ಚು ಸಲ್ಲುತ್ತದೆ; ಗುಲಾಬಿಯನ್ನು ಹೋಲುವ ಜೆರೇನಿಯಂ ತೈಲ ಮಾತ್ರ ಇಲ್ಲಿಂದ ಸುಗಂಧ ವ್ಯಾಪಾರಕ್ಕೆ ಹೋಗುವ ಸರಕು. ಆದರೂ ಎರಡು ಕಡೆಯೂ ಕೆಲಸ ಮಾಡಿದ ಬುದ್ಧಿ ಒಂದೇ. ಹನ್ನೆರಡು ವರ್ಷ ಸುಮ್ಮನಿರುವ ನೆಲ ಪಾಳು, ವರ್ಷ ವರ್ಷ ಆದಾಯ ಕೊಡುವುದೇ ನೆಲ ಎಂಬ ಲೆಕ್ಕ ಹುಲ್ಲುಗಾವಲನ್ನು ತೋಪು ಮಾಡಿತು. ಮುಗಿಯದ ಡಬ್ಬಿ ಕೈಯಲ್ಲಿರುವಾಗಲೇ ಹೊಸ ಡಬ್ಬಿಗೆ ಮುಂಗಡ ಬರೆಸುವುದೂ ಅದೇ ಲೆಕ್ಕ. ಕಾಯುವುದು ನಷ್ಟ ಎಂದು ಕಲಿತ ಮನಸ್ಸಿಗೆ ಅನಿತ್ಯದ ಮಾತು ಎಷ್ಟು ಹೇಳಿದರೂ ಅದು ಜಾಹೀರಾತಾಗಿಯೇ ಕೇಳಿಸುತ್ತದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಬಲವಾದದ್ದು ಹೆಂಗಸರ ಕಡೆಯಿಂದ ಬರುತ್ತದೆ. ವೈರಾಗ್ಯದ ಬೋಧನೆಯನ್ನು ಗಂಡಸರು ಶತಮಾನಗಳಿಂದ ಹೆಣ್ಣಿನ ಕನ್ನಡಿಯ ಮುಂದೆಯೇ ಏಕೆ ಮಾಡುತ್ತಾರೆ? ವರ್ಷಕ್ಕೊಂದು ಮೊಬೈಲು, ಎರಡು ವರ್ಷಕ್ಕೊಂದು ಮೋಟಾರುಬೈಕು ಬದಲಿಸುವವನಿಗೆ ಇಲ್ಲದ ಅಪರಿಗ್ರಹ, ತೋಟದ ಕೂಲಿಯಲ್ಲೋ ಅಂಗಡಿಯ ಸಂಬಳದಲ್ಲೋ ಒಂದು ಲಿಪ್‌ಸ್ಟಿಕ್ ಕೊಳ್ಳುವ ಹುಡುಗಿಗೆ ಮಾತ್ರ ಏಕೆ? ಈ ಆಕ್ಷೇಪ ಪೂರ್ತಿ ನ್ಯಾಯವಾದದ್ದು. ವಾದದ ಬಿರುಸು ಬಣ್ಣ ಹಚ್ಚಿಕೊಂಡವಳ ಕಡೆ ತಿರುಗಿದರೆ ವಾದವೇ ಕೆಟ್ಟಿತು. ಹೊಸ ಮೊಬೈಲಿನ 'ಸೀಮಿತ ಆವೃತ್ತಿ'ಗೂ ಇದೇ ಮಾತು ಅನ್ವಯಿಸುತ್ತದೆ, ಅಲ್ಲಿ ಇನ್ನೂ ಖಾರವಾಗಿ. ಇಲ್ಲಿ ಹೇಳುತ್ತಿರುವುದು ಅವಳ ಆಸೆಯ ಬಗ್ಗೆ ಅಲ್ಲ, ಆ ಆಸೆಗೆ ಗಡುವು ಕಟ್ಟಿದವರ ಬಗ್ಗೆ. ಚೆಂದ ಕಾಣಬೇಕೆಂಬ ಬಯಕೆಗೆ ಬೆಟ್ಟದ ಹಳೆಯ ಬಾಳು ಎಂದೂ ಮುಖ ತಿರುಗಿಸಲಿಲ್ಲ. ತೊದವ ಹೆಂಗಸರು ಬೆಣ್ಣೆ ಸವರಿ ಕೂದಲನ್ನು ಸುರುಳಿ ಮಾಡಿಕೊಂಡವರು. ಬಡಗ ಅಜ್ಜಿಯರ ಹಣೆಯ ಹಚ್ಚೆ ಮೈ ಇರುವಷ್ಟು ಕಾಲ ಇರುವಂಥದ್ದು. ಕುಲದೇವತೆ ಹೆತ್ತೆಯ ಹಬ್ಬದಲ್ಲಿ ಬೇರಗಣಿ ಊರಿಗೆ ಸೇರುವ ಬಡಗರ ಬಿಳಿ ಉಡುಗೆ ವರ್ಷ ವರ್ಷವೂ ಅದೇ ಬಿಳಿ, ಅದರ ಗಾಂಭೀರ್ಯಕ್ಕೆ ಕೊರತೆಯಾದದ್ದನ್ನು ಯಾರೂ ಕಾಣರು. ಫೆಬ್ರವರಿ-ಮಾರ್ಚಿನ ಒಣ ಬಿಸಿಲಲ್ಲಿ ಮಸಿನಗುಡಿ ಪಕ್ಕದ ಬೊಕ್ಕಾಪುರದ ಮಾರಿಯಮ್ಮನ ಹಬ್ಬಕ್ಕೆ ಸೇರುವವರಿಗೆ ಅರಿಸಿನ, ಕುಂಕುಮ, ಹೂವು ಸಾಕು. ಹೊಸತಿಲ್ಲದೆ ಸಿಂಗಾರವಿಲ್ಲ ಎಂಬುದು ಸಿಂಗಾರದ ನಿಯಮವಲ್ಲ, ಮಾರಾಟದ ನಿಯಮ.

ಜಪಾನನ್ನು ಹೀಗೆ ದೂರುವುದು ತಪ್ಪು, ಋತುವನ್ನು ಅವರಷ್ಟು ಶ್ರದ್ಧೆಯಿಂದ ನೋಡಿದವರು ಕಡಿಮೆ ಎಂದೂ ಹೇಳಬಹುದು. ನಿಜ. ಅಲ್ಲಿನ ಪ್ರಸಾಧನ ಕಂಪನಿ ಶಿಸೈಡೊ 1872ರಲ್ಲಿ ಟೋಕಿಯೊದ ಗಿಂಜಾದಲ್ಲಿ ಔಷಧದಂಗಡಿಯಾಗಿ ಶುರುವಾದಾಗ ತನ್ನ ಹೆಸರನ್ನು ಆರಿಸಿಕೊಂಡದ್ದು ಭೂಮಿಯ ಗುಣವನ್ನು ಕೊಂಡಾಡುವ ಪ್ರಾಚೀನ ಚೀನೀ ಗ್ರಂಥದಿಂದ. ಆದರೆ ಚೆರ್ರಿಯ ಕೆಳಗೆ ಕುಳಿತು ಬುತ್ತಿ ಬಿಚ್ಚಿ, ದಳ ಬೀಳುವುದನ್ನು ನೋಡಿ ಮನೆಗೆ ಹೋಗುವವನು ಏನನ್ನೂ ಹೊತ್ತು ಒಯ್ಯುವುದಿಲ್ಲ. ಆ ಶ್ರದ್ಧೆಯೇ ಜನವರಿಯ ಡಬ್ಬಿಯ ವಿರುದ್ಧ ಸಾಕ್ಷಿ ನುಡಿಯುತ್ತದೆ. ಮೂರನೆಯ ಆಕ್ಷೇಪಕ್ಕೂ ತೂಕವಿದೆ: ಪ್ರಯೋಗಾಲಯದ ಸೆಂಟು ಕಾಡನ್ನು ಉಳಿಸುತ್ತದೆ. ಸತ್ಯಮಂಗಲ, ಮಲೆ ಮಹದೇಶ್ವರ ಬೆಟ್ಟಗಳ ಶ್ರೀಗಂಧಕ್ಕೆ ಕಾಡುಗಳ್ಳ ವೀರಪ್ಪನ್ ಕಾಲದಲ್ಲಿ ಏನಾಯಿತೆಂದು ಬಲ್ಲವರು ಕೃತಕ ಗಂಧವನ್ನು ಹಳಿಯಲಾರರು, ನಾನೂ ಹಳಿಯುವುದಿಲ್ಲ. 'ನೈಸರ್ಗಿಕ' ಎಂಬ ಹೆಮ್ಮೆಗಾಗಿ ಕಾಡಿನ ಮರ ಬೀಳುವುದಕ್ಕಿಂತ ಕೃತಕವೇ ಲೇಸು. ಆದರೆ ಕೃತಕವಾದದ್ದು ವರ್ಷವಿಡೀ ಒಂದೇ ಸಮನೆ ತಯಾರಾಗಬಲ್ಲದು. ಅದಕ್ಕೆ ಕೊಯ್ಲಿಲ್ಲ, ಬರವಿಲ್ಲ, ಮಳೆಯಿಲ್ಲ. ಎಂದಮೇಲೆ ಅದಕ್ಕೆ 'ಈ ಋತುವಿಗೆ ಮಾತ್ರ' ಎಂದು ಬರೆಯುವುದು ಶುದ್ಧ ಸುಳ್ಳು. ಕೃತಕ ಗಂಧ ಕೃತಕವೆಂದೇ ಹೇಳಿಕೊಂಡು ಬರಲಿ, ಅದರಲ್ಲಿ ಅವಮಾನವೇನಿಲ್ಲ.

ಇಷ್ಟಾದ ಮೇಲೆ ತೀರ್ಪು ಹೇಳುವುದು ಕಷ್ಟವಲ್ಲ. ಸುಗಂಧ ಪಾಪವಲ್ಲ, ಬಣ್ಣ ಪಾಪವಲ್ಲ, ಪರದೇಶದ ಸರಕೆಂಬುದೂ ಪಾಪವಲ್ಲ. ಕಳೆದುಹೋಗುವುದೆಂಬ ಭಯ ಹುಟ್ಟಿಸಿ ಕೂಡಿಡುವಂತೆ ಮಾಡುವುದು ಮಾತ್ರ ಧರ್ಮಕ್ಕೆ ವಿರುದ್ಧ, ಏಕೆಂದರೆ ಅದು ಬಿಡುವುದನ್ನು ಕಲಿಸಬೇಕಾದ ಸತ್ಯವನ್ನೇ ಹಿಡಿಯುವುದಕ್ಕೆ ಬಳಸುತ್ತದೆ. ಜಪಾನಿನಿಂದ ತರಬೇಕಾದದ್ದು ಬೇರೊಂದಿದೆ. ಅಲ್ಲಿ ಶಾಂಪೂ, ಕ್ರೀಮು, ಪೌಡರುಗಳ ಡಬ್ಬಿಯನ್ನು ಇಟ್ಟುಕೊಂಡು ಒಳಗಿನದ್ದನ್ನಷ್ಟೇ ಕೊಂಡು ತುಂಬಿಕೊಳ್ಳುವ ರೀಫಿಲ್ ಪದ್ಧತಿ ಮನೆಮಾತಾಗಿದೆ. ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ನಿಷೇಧಿಸಿ, ಘಾಟಿಯ ಚೆಕ್‌ಪೋಸ್ಟುಗಳಲ್ಲಿ ನೀರಿನ ಬಾಟಲಿ ಕಸಿದುಕೊಳ್ಳುವ ಜಿಲ್ಲೆ ಇದು. ಉದಕಮಂಡಲದ, ಗೂಡಲೂರಿನ ಅಂಗಡಿಯವರು ಹೊಸ ಸೀಸನ್ನಿನ ಡಬ್ಬಿಗಳ ಜೊತೆಗೆ ರೀಫಿಲ್ಲನ್ನೂ ತರಿಸಲಿ. ಕೊಳ್ಳುವವರು ಮನೆಯಲ್ಲಿರುವ ಡಬ್ಬಿ ತಳ ಕಾಣುವವರೆಗೆ ಕಾದು, ಆಮೇಲೆ ಬಂದು ಅದನ್ನೇ ಕೇಳಲಿ.