ವರದಿಯೂ ಬಿಲ್ಲೂ ಹೇಳದ ಮಾತು

ಕಳೆದ ಭಾನುವಾರ ಬಲಿಪೂಜೆ ಮುಗಿದ ಮೇಲೆ ಕೆ.ಆರ್. ಪೇಟೆ ಕಡೆಯ ಯುವದಂಪತಿ ಗುರುನಿವಾಸಕ್ಕೆ ಬಂದರು. ಕೈಯಲ್ಲಿ ಎರಡು ಕಾಗದ: ಗರ್ಭಿಣಿಯ ರಕ್ತಪರೀಕ್ಷೆಯ ವರದಿ, ಮತ್ತು ತಾವು ಕೇಳದಿದ್ದ ಪರೀಕ್ಷೆಯನ್ನೂ ಸೇರಿಸಿದ್ದ ಬಿಲ್ಲು. "ಸ್ವಾಮಿಗಳೇ, ಮಗುವಿಗೆ ಡೌನ್ ಸಿಂಡ್ರೋಮ್ ಇದೆಯಂತೆ" ಎಂದು ಆ ತಾಯಿ ಅತ್ತರು.

ವರದಿಯಲ್ಲಿದ್ದುದು '180ರಲ್ಲಿ 1' ಎಂಬ ಅಂಕಿ. ಅಂದರೆ ಅಂಥದೇ ಅಂಕಿ ಬಂದ 180 ತಾಯಂದಿರಲ್ಲಿ 179 ಮಂದಿಯ ಮಕ್ಕಳಿಗೆ ಆ ತೊಂದರೆ ಇರುವುದಿಲ್ಲ. ಇದು ಜರಡಿ ಹಿಡಿದಂತೆ; ರೋಗನಿರ್ಣಯವಲ್ಲ. ದುಬಾರಿಯಾದ ಎನ್‌ಐಪಿಟಿ ಇದಕ್ಕಿಂತ ನಿಖರ, ಆದರೂ ಅದೂ ಜರಡಿಯೇ. ಅಪರೂಪದ ದೋಷಗಳ ವಿಷಯದಲ್ಲಿ ಅದು ಸುಳ್ಳು ಗಾಬರಿ ಹುಟ್ಟಿಸುವುದೇ ಹೆಚ್ಚು. ಖಚಿತವಾಗಲು ಗರ್ಭಜಲ ಪರೀಕ್ಷೆಯಂಥದು ಬೇಕು. 2022ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ ಈ ಎಚ್ಚರಿಕೆ ಕೊಟ್ಟಿತು. ಅಲ್ಲಿನ ನಟೇರಾ ಕಂಪನಿ, ಇಂಥ ಪರೀಕ್ಷೆಗೆ ಸರ್ಕಾರದ ಯೋಜನೆಗಳಿಗೆ ತಪ್ಪು ಬಿಲ್ಲು ಕಳಿಸಿತೆಂಬ ಆರೋಪದ ಇತ್ಯರ್ಥಕ್ಕೆ 2018ರಲ್ಲಿ 1.14 ಕೋಟಿ ಡಾಲರ್ ಕೊಡಲು ಒಪ್ಪಿತು.

ಸಂದೇಹವನ್ನು ಸತ್ಯವೆಂದು ಮಾರುವುದು ಸುಳ್ಳುಸಾಕ್ಷಿ. ಹೆದರಿದ ತಾಯಿಯಿಂದ ಕೇಳದ ಪರೀಕ್ಷೆಗೆ ಹಣ ಕೀಳುವುದು ಕಳವು. ದಶಾಜ್ಞೆಗಳು ಎರಡನ್ನೂ ನಿಷೇಧಿಸುತ್ತವೆ.

ಆದರೆ ಪರೀಕ್ಷೆ ಹೇಳಿದ್ದು ನಿಜವೇ ಆದರೆ? ನಮ್ಮ ಜಿಲ್ಲೆಯನ್ನೇ ನೋಡಿ. 2023ರಲ್ಲಿ ಮಂಡ್ಯದ ಬಳಿ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಮಾಡಿ ಹೆಣ್ಣುಭ್ರೂಣ ಪತ್ತೆ ಹಚ್ಚುತ್ತಿದ್ದ ಜಾಲ ಬಯಲಾಯಿತು. 2024ರಲ್ಲಿ ಪಾಂಡವಪುರದ ಆರೋಗ್ಯ ಇಲಾಖೆ ವಸತಿಗೃಹದಲ್ಲೇ ಹೆಣ್ಣುಭ್ರೂಣಹತ್ಯೆಯ ಪ್ರಕರಣ ಹೊರಬಿತ್ತು. 1994ರ ಕಾಯ್ದೆ ಇದನ್ನೆಲ್ಲ ನಿಷೇಧಿಸಿದೆ. ಅಲ್ಲಿ ಯಂತ್ರ ಸರಿಯಾಗಿಯೇ ಹೇಳಿರಬಹುದು. ಆ ಸರಿಯಾದ ಉತ್ತರವೇ ಕೂಸಿಗೆ ಮರಣದ ತೀರ್ಪಾಯಿತು. ಪರೀಕ್ಷೆ ಎಷ್ಟೇ ನಿಖರವಾಗಿರಲಿ, ಮಗುವಿನ ಬೆಲೆ ಎಷ್ಟೆಂದು ಹೇಳಲಾರದು.

ಧರ್ಮಸಭೆ ಪರೀಕ್ಷೆಗಳನ್ನು ಬೇಡವೆನ್ನುವುದಿಲ್ಲ. ಮಗುವಿಗೆ ಬೇಗ ಚಿಕಿತ್ಸೆ ಸಿಗಲು, ಹೆತ್ತವರು ಅದನ್ನು ಸಮಾಧಾನದಿಂದ ಬರಮಾಡಿಕೊಳ್ಳಲು ನೆರವಾದರೆ ಅದು ಒಳ್ಳೆಯದೇ ಎಂದು ಪೋಪ್ ಎರಡನೆಯ ಜಾನ್ ಪಾಲ್ 1995ರ ತಮ್ಮ ವಿಶ್ವಪತ್ರದಲ್ಲಿ ತಿಳಿಸಿದ್ದಾರೆ.

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ, ಮಗುವಿನ ನಿರೀಕ್ಷೆಯಲ್ಲಿರುವ ಮನೆಗಳಿಗೆ ಒಂದು ಮಾತು. ರಕ್ತ ಕೊಡುವ ಮೊದಲೇ ಕೇಳಿ: ಇದು ಜರಡಿಯೋ, ನಿರ್ಣಯವೋ? ಯಾವ ಪರೀಕ್ಷೆಗೆ ಎಷ್ಟು ಹಣ? ಮೂರನೆಯ ಪ್ರಶ್ನೆ ನಿಮ್ಮ ಮನಸ್ಸಾಕ್ಷಿಗೆ: ಉತ್ತರ ಬಂದ ಮೇಲೆ ಅದರಿಂದ ಏನು ಮಾಡುತ್ತೇವೆ?

"ಮಗು ಹೇಗೇ ಬರಲಿ ಸ್ವಾಮಿ, ತೊಟ್ಟಿಲು ಕಟ್ತೀವಿ" ಎಂದು ಎದ್ದರು ಆ ಗಂಡ. ಅದನ್ನು ತೂಗಲು ಕೈ ಕೊಡುವುದು ನೆರೆಹೊರೆಯ ನಮ್ಮೆಲ್ಲರ ಪಾಲು.