ಮಿಥ್ಯೆಯ ಮದ್ದು

ಪಾರ್ಶ್ವವಾಯು ಬಡಿದವರ ಕೈಯಲ್ಲಿ ಕೈಯ ತಪ್ಪೇನೂ ಇರುವುದಿಲ್ಲ. ಎಲುಬೂ ಮಾಂಸವೂ ಇದ್ದಂತೆಯೇ ಇರುತ್ತವೆ. ಅಪ್ಪಣೆ ಕೊಡಬೇಕಾದ ಮಿದುಳಿನ ಒಂದು ಭಾಗ ಕೆಟ್ಟಿರುತ್ತದೆ. ಕೆಲವು ಸಲ ಪ್ರಯತ್ನಿಸಿ ಸೋತ ರೋಗಿ ಎಲ್ಲದಕ್ಕೂ ಇನ್ನೊಂದು ಕೈಯನ್ನೇ ಚಾಚುತ್ತಾನೆ. ಅಲುಗಬಲ್ಲ ಕೈ ಕೂಡ ಹೀಗೆ ಅಲುಗುವುದನ್ನು ಬಿಡುತ್ತದೆ. ಅಮೆರಿಕದ ಎಡ್ವರ್ಡ್ ಟಾಬ್ ಇದನ್ನು ‘ಕಲಿತ ನಿರುಪಯೋಗ’ ಎಂದು ಕರೆದರು. ಬಲಗೈ ಹೋದ ಹಿರಿಯರು ಎಡಗೈಯಲ್ಲಿ ಉಣ್ಣಲು ನಾಚಿ, ಪಂಕ್ತಿ ಬಿಟ್ಟು ಒಳಕೋಣೆಯಲ್ಲಿ ಕೂಡುವುದನ್ನು ಕಂಡವರಿಗೆ ಈ ಮಾತಿನ ಭಾರ ತಿಳಿದೀತು.

ಇಂಥ ಕೈಯನ್ನು ಮರಳಿ ಕರೆಯಲು ಈಗ ‘ವರ್ಚುಯಲ್ ರಿಯಾಲಿಟಿ’ ಎಂಬ ತೋರಿಕೆಯ ಜಗತ್ತು ಬಂದಿದೆ. ರೋಗಿಯ ಕಣ್ಣಿಗೆ ಕಟ್ಟಿದ ಕನ್ನಡಕದೊಳಗೆ ಒಂದು ಕೈ ಕಾಣುತ್ತದೆ. ಇವರ ಕೈ ಸರಿದಂತೆ ಅದೂ ಸರಿಯುತ್ತದೆ. ಕೆಲವು ಏರ್ಪಾಟುಗಳಲ್ಲಿ ಇವರು ಸರಿಸಿದ್ದಕ್ಕಿಂತ ಒಂದಿಷ್ಟು ಹೆಚ್ಚೇ ಸರಿದು, ವಸ್ತುವನ್ನು ಮುಟ್ಟಿಬಿಡುತ್ತದೆ. ಇದರ ಹಿರಿಯ ಬಂಧು ವಿ. ಎಸ್. ರಾಮಚಂದ್ರನ್ ಅವರ ಸಾಮಾನ್ಯ ಕನ್ನಡಿ. ಕೈ ಕಳೆದುಕೊಂಡವರಿಗೆಂದು ಹುಟ್ಟಿದ ಆ ಉಪಾಯವನ್ನು 1999ರಲ್ಲಿ ಪಾರ್ಶ್ವವಾಯುವಿನ ಒಂಬತ್ತು ರೋಗಿಗಳಲ್ಲಿ ಪರೀಕ್ಷಿಸಿದ ವರದಿ ಬಂತು.

ವೈದ್ಯನು ಸುಳ್ಳು ತೋರಿಸಬಹುದೆ? ನಮಗೆ ಪ್ರಶ್ನೆ ಹೊಸದಲ್ಲ. ಇಲ್ಲದ ವಿಷದ ಶಂಕೆಯಿಂದಲೂ ಮರಣವುಂಟೆಂದು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಹೇಳುತ್ತಾರೆ. ಮಿಥ್ಯೆ ಕೊಲ್ಲಬಲ್ಲುದಾದರೆ ಕೈಯನ್ನು ಎತ್ತಿಸಲಾರದೆ? ಆದರೆ ಹಗ್ಗದ ಹಾವು ದೀಪ ತಂದೊಡನೆ ಮಾಯವಾಗುತ್ತದೆ. ಇಲ್ಲಿ ರೋಗಿಗೆ ದೀಪ ಉರಿಯುತ್ತಿರುವಾಗಲೇ ಎಲ್ಲ ಗೊತ್ತು. ನಾಟಕವೆಂದು ಬಲ್ಲ ಪ್ರೇಕ್ಷಕ ಕಣ್ಣೀರು ಸುರಿಸುವುದಿಲ್ಲವೆ? ಅದನ್ನು ಮೋಸವೆಂದು ಯಾರೂ ಅನ್ನರು.

ಮೋಸ ಹುಟ್ಟುವುದು ಹಿಗ್ಗಿಸಿ ತೋರಿಸಿದ್ದನ್ನು ಹೇಳದೆ ಬಿಟ್ಟಾಗ. ಒಳಗೆ ಹಣ್ಣನ್ನು ಮುಟ್ಟಿದ ಕೈ ಮನೆಯಲ್ಲಿ ಲೋಟವನ್ನು ಮುಟ್ಟದಿದ್ದರೆ, ಆ ಮನುಷ್ಯ ತನ್ನನ್ನೇ ದೂಷಿಸಿಕೊಳ್ಳುತ್ತಾನೆ. ಹೇಳಿದರೆ ಉತ್ಸಾಹ ಕುಗ್ಗೀತೆಂಬ ವಾದವೊಂದುಂಟು, ಇರಬಹುದು. ಆದರೂ ಆ ಉತ್ಸಾಹ ಯಾರದು, ಅದನ್ನು ಅವರಿಗೆ ತಿಳಿಸದೆ ಖರ್ಚುಮಾಡುವ ಹಕ್ಕು ನಮಗೆಲ್ಲಿಯದು?

ಯಂತ್ರವನ್ನು ಪವಾಡವೆಂದು ಮಾರುವ ಸುಳ್ಳು ಇದಕ್ಕಿಂತ ದೊಡ್ಡದು. 2016ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 141 ರೋಗಿಗಳನ್ನು ಎರಡು ಗುಂಪು ಮಾಡಿ, ಮಾಮೂಲು ಚಿಕಿತ್ಸೆಯ ಜೊತೆಗೆ ಒಂದಕ್ಕೆ ಪರದೆಯ ಆಟವನ್ನೂ ಇನ್ನೊಂದಕ್ಕೆ ಇಸ್ಪೀಟು, ಚೆಂಡು ಮೊದಲಾದವನ್ನೂ ಕೊಟ್ಟರು. ಎರಡೂ ಗುಂಪು ಸುಧಾರಿಸಿದವು; ಪರದೆ ಗೆಲ್ಲಲಿಲ್ಲ. (ಇಸ್ಪೀಟಿನ ಭಕ್ತರು ಇದನ್ನು ಮನೆಯಲ್ಲಿ ಓದಿ ಹೇಳಬಹುದು.) 72 ಪರೀಕ್ಷೆಗಳನ್ನು ತೂಗಿದ 2017ರ ಕಾಕ್ರೇನ್ ಸಮೀಕ್ಷೆಯೂ ತೋಳಿನ ಮಟ್ಟಿಗೆ ಇದು ಮಾಮೂಲು ಚಿಕಿತ್ಸೆಗಿಂತ ಮೇಲಲ್ಲವೆಂದಿತು; ಅದರ ಜೊತೆಗೆ ಸೇರಿ, ಅಭ್ಯಾಸದ ಹೊತ್ತು ಹೆಚ್ಚಿದಾಗ ಮಾತ್ರ ಪ್ರಯೋಜನ ಕಂಡಿತು.

ಹಾಗಾದರೆ ಕನ್ನಡಕ ಬೇಡವೆ? ಬೇಸರದ ಅಭ್ಯಾಸಕ್ಕೆ ಅದು ರುಚಿ ತರುವುದಾದರೆ ಬೇಕು. ಕಟ್ಟುವ ಮುನ್ನ, ಒಳಗೆ ಕಾಣುವ ಕೈ ನಿಮ್ಮದಕ್ಕಿಂತ ಎಷ್ಟು ಮುಂದೆ ಹೋಗುತ್ತದೆಂದು ತಿಳಿಸಲಿ. ವಾರ ವಾರಕ್ಕೂ ಆ ಅಂತರವನ್ನು ರೋಗಿಗೇ ಅಳೆದು ತೋರಿಸಲಿ.