ಮುತ್ತಿನ ಬೆಲೆ ಮತ್ತು ದ್ವೀಂದ್ರಿಯ ಜೀವ

ಆಳಂದ ತಾಲೂಕಿನಿಂದ ಹರಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಮುಂದೆ ಜೇವರ್ಗಿ ಸೀಮೆಯನ್ನು ತಣಿಸುತ್ತದೆ. ಇಂತಹ ಹೊಳೆಗಳ ಕೆಸರಿನಲ್ಲಿ ಅರ್ಧ ಹುದುಗಿ ಬಾಳುವ ಕಪ್ಪೆಚಿಪ್ಪನ್ನು ಕಾಣದವರು ವಿರಳ. ಅದೂ ಒಂದು ಜೀವವೆಂದು ನೆನೆಯುವವರು ಇನ್ನೂ ವಿರಳ.

ಕಪ್ಪೆಚಿಪ್ಪು, ಶಂಖ, ಕವಡೆ, ಬಸವನಹುಳು, ಆಕ್ಟೋಪಸ್ ಇವೆಲ್ಲವೂ ಮೃದ್ವಂಗಿಗಳೆಂಬ ಒಂದೇ ಬಳಗದವು. ಜಗತ್ತಿನಲ್ಲಿ ಇವುಗಳ 70,000ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಜೈನಾಗಮವು ಶಂಖ, ಸಿಂಪಿಗಳನ್ನು ಸ್ಪರ್ಶ ಮತ್ತು ರಸನೆಗಳುಳ್ಳ ದ್ವೀಂದ್ರಿಯ ಜೀವಗಳೆಂದು ಎಣಿಸಿ, ಅವುಗಳಿಗೆ ಆರು ಪ್ರಾಣಗಳನ್ನು ಹೇಳಿದೆ. ಇಂದಿನ ವಿಜ್ಞಾನವಾದರೋ ಬಸವನಹುಳುವಿಗೆ ವಾಸನೆಯ ಅರಿವೂ ಕೋಡಿನ ತುದಿಯಲ್ಲಿ ಕಣ್ಣೂ ಉಂಟೆಂದು, ಆಕ್ಟೋಪಸ್ಸಿನ ಕಣ್ಣು ಮನುಷ್ಯನ ಕಣ್ಣನ್ನು ಹೋಲುವುದೆಂದು ತೋರಿಸಿದೆ.

ಈ ವ್ಯತ್ಯಾಸವನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಆಚಾರ್ಯರು ಇಂದ್ರಿಯಗಳನ್ನು ಎಣಿಸಿದ್ದು ಕರುಣೆಯನ್ನು ಚಿಪ್ಪಿನ ಒಳಗಿನವರೆಗೂ ಚಾಚಲೆಂದೇ ಹೊರತು, ಕಡಿಮೆ ಇಂದ್ರಿಯದ ಜೀವವನ್ನು ಅಗ್ಗವಾಗಿ ಕೊಲ್ಲಲೆಂದಲ್ಲ. ಎಣಿಕೆ ಹೆಚ್ಚಾದರೆ ಹೊಣೆಯೂ ಹೆಚ್ಚುವುದೇ ಸರಿ.

ಕಪ್ಪೆಚಿಪ್ಪು ನೀರನ್ನು ಸೋಸಿ ಅದರಲ್ಲಿರುವ ಸೂಕ್ಷ್ಮ ಕಣಗಳನ್ನು ಉಂಡು ಬದುಕುತ್ತದೆ. ಅದರಿಂದ ನೀರು ತಿಳಿಯಾಗುತ್ತದೆ. ಅದರ ಮರಿಗಳು ಕೆಲವು ಕಾಲ ಮೀನಿನ ಕಿವಿರುಗಳಿಗೆ ಅಂಟಿ ಬೆಳೆದು, ಅನಂತರ ಕೆಸರಿಗಿಳಿಯುತ್ತವೆ. ಮೀನಿಲ್ಲದೆ ಚಿಪ್ಪಿಲ್ಲ. ಜೀವವು ಜೀವವನ್ನು ಆಶ್ರಯಿಸಿಯೇ ಇದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಈಗ ಇದೇ ಜೀವಿಯಲ್ಲಿ ಮುತ್ತು ಬೆಳೆಯುವ ವಿಧಾನ ಪ್ರಚಾರದಲ್ಲಿದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮುತ್ತು ಕೃಷಿಗೂ ನೆರವನ್ನು ಸೇರಿಸಲಾಯಿತು. ಕೃಷಿಹೊಂಡವುಳ್ಳ ಮನೆಗೆ ಇದು ಲಾಭದ ದಾರಿಯಾಗಿ ತೋರುವುದು ಸಹಜ. ಆದರೆ ಗುಂಡು ಮುತ್ತು ಪಡೆಯುವ ರೀತಿಯಲ್ಲಿ ಒಂದು ಚಿಪ್ಪನ್ನು ಕೊಂದು ಅದರ ಒಳಪೊರೆಯ ಚೂರನ್ನು ತೆಗೆದು, ಇನ್ನೊಂದರ ಮೈಯನ್ನು ಕೊಯ್ದು, ಮಣಿಯೊಡನೆ ಅದರಲ್ಲಿ ಸೇರಿಸುತ್ತಾರೆ. ಆ ಜೀವಿ ಸ್ರವಿಸುವ ಹೊಳಪೇ ಮುತ್ತು.

ಉಳುವಾಗ ಬಸವನಹುಳು ಸತ್ತರೆ ಅದು ಉದ್ಯೋಗೀ ಹಿಂಸೆ; ಉಣ್ಣುವ ಅನ್ನಕ್ಕಾಗಿ ಗೃಹಸ್ಥನಿಗೆ ಅನಿವಾರ್ಯವಾದುದು. ಅಲಂಕಾರಕ್ಕಾಗಿ ಬೇಕೆಂದೇ ಕೊಯ್ಯುವುದು ಸಂಕಲ್ಪೀ ಹಿಂಸೆ. ಅಣುವ್ರತಿಗೂ ಅದು ವರ್ಜ್ಯ. "ಕೊಯ್ದವರು ಬೇರೆ, ಕೊಂಡವರು ನಾವು" ಎಂಬ ಮಾತೂ ನಿಲ್ಲದು; ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಬಂಧಕ್ಕೆ ಕಾರಣಗಳೆಂದು ಧರ್ಮವು ಹೇಳಿದೆ.

ಹಿರಿಯರಿಂದ ಬಂದ ಮುತ್ತಿನ ಸರವನ್ನು ಎಸೆಯಬೇಕೆಂದು ಇದರ ಅರ್ಥವಲ್ಲ. ಅದರಿಂದ ಸತ್ತ ಜೀವ ಮರಳದು. ಆದರೆ ಹೊಸದನ್ನು ಕೊಳ್ಳುವಾಗ, ಬಸದಿಯ ಛತ್ರಕ್ಕೋ ತೋರಣಕ್ಕೋ ಮುತ್ತು ಪೋಣಿಸುವಾಗ, ಟ್ರಸ್ಟಿನ ಹಿರಿಯರೂ ಮನೆಯ ತಾಯಂದಿರೂ ಒಂದು ಕ್ಷಣ ನಿಂತು ಯೋಚಿಸುವುದು ಉಚಿತ. ವೀತರಾಗನಿಗೆ ಆಭರಣವೇ ಬೇಡ. ಅವನ ಸನ್ನಿಧಿಯನ್ನು ಸಿಂಗರಿಸಲು ಗಾಜಿನ ಮಣಿ ಸಾಲದೆ?